ಪ್ರಾಣವಾಯುವಿನ ಕೋಣೆ

(ಕರಜಗಿಯಲ್ಲಿ ಜರುಗಿದ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಶಾಲೆಯ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಪ್ರತಿವರ್ಷವೂ ಈ ವೇದಿಕೆಯ ಮೇಲೆ ನಿಂತು ಶಾಲೆಯ ವರದಿಯನ್ನು ಓದುವುದು ನಮ್ಮ ಪಾಲಿಗೆ ಬಂದ ಕರ್ತವ್ಯವಾಗಿದ್ದಿತು. ಈ ವರ್ಷ ಆ ಕೆಲಸವನ್ನು ನಮ್ಮ ಸಹಾಧ್ಯಾಪಕರು ಚೆನ್ನಾಗಿ ನೆರವೇರಿಸಿದ್ದಾರೆ. ನಮಗೆ ಬೇರೊಂದು ವಿಷಯವನ್ನು ಕುರಿತು ನಾಲ್ಕು ಮಾತು ಹೇಳಲು ಸಂಸ್ಥೆಯ ಹಿರಿಯರು ಅಪ್ಪಣೆ ಕೊಟ್ಟಿದ್ದಾರೆ. ನಮ್ಮ ಮಾತು ಮೊದಲಿನಂತೆ ಸ್ಫುಟವಾಗಿ ಹೊರಡುವುದಿಲ್ಲವೆಂಬುದನ್ನು ತಾವೆಲ್ಲರೂ ಗಮನಿಸಿರುವಿರಿ. ಪಾಠ ಹೇಳುವಾಗ ನಡುನಡುವೆ ನಿಲ್ಲಿಸಿ ನೀರು ಕುಡಿಯುವುದನ್ನು ವಿದ್ಯಾರ್ಥಿಗಳು ಕಂಡಿದ್ದಾರೆ. ಇದರ ಕಾರಣವನ್ನು ಕೆಲವರು ಬಲ್ಲರು, ಹಲವರು ಊಹಿಸಿದ್ದಾರೆ. ಆದರೆ ನಮ್ಮ ಬಾಯಿಂದ ಯಾರೂ ಕೇಳಿಲ್ಲ. ಅದನ್ನು ಇಂದು ನಾವೇ ಹೇಳಬೇಕೆಂದು ನಿಂತಿದ್ದೇವೆ. ಸಹಾನುಭೂತಿಯನ್ನು ಬೇಡುವುದಕ್ಕಾಗಿ ಅಲ್ಲ. ನಮ್ಮ ಅನುಭವದಲ್ಲಿ ಮಕ್ಕಳಿಗೂ ಮನೆಯವರಿಗೂ ಉಪಯೋಗವಾಗುವ ಸಂಗತಿಗಳು ಕೆಲವಿವೆಯೆಂದು ನಂಬಿ ಹೇಳುತ್ತೇವೆ.

ನಮಗೆ ಬಾಯಿಯ ಅರ್ಬುದ ರೋಗವಾಗಿದ್ದಿತು. ಕ್ಯಾನ್ಸರ್ ಎಂದರೆ ಎಲ್ಲರಿಗೂ ತಿಳಿಯುವುದು.

ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಶಿಕ್ಷಕರ ತರಬೇತಿಯ ದಿನಗಳಲ್ಲಿ ಗೆಳೆಯರ ಜೊತೆಗೆ ಆರಂಭವಾದ ತಂಬಾಕಿನ ಚಟ ಹದಿನೈದು ವರ್ಷಗಳವರೆಗೆ ನಮ್ಮನ್ನು ಬಿಡಲಿಲ್ಲ. ಅಂಗೈಯಲ್ಲಿ ತಂಬಾಕಿನ ಎಸಳು, ಅದರ ಮೇಲೆ ಚಿಟಿಕೆ ಸುಣ್ಣ, ಹೆಬ್ಬೆರಳಿನಿಂದ ತಿಕ್ಕಿ, ತಟ್ಟಿ, ಗಲ್ಲದ ಸಂದಿಯಲ್ಲಿ ಇರಿಸುವುದು. ಈ ಕ್ರಮವನ್ನು ವರ್ಣಿಸಿ ಹೇಳುವ ಅಗತ್ಯ ನಮ್ಮ ಸೀಮೆಯ ಜನರಿಗಿಲ್ಲ. ಶಾಲೆಯಲ್ಲಿ ಮಾತ್ರ ಯಾರಿಗೂ ಕಾಣದಂತೆ ನಡೆದುಕೊಂಡೆವು. ಸುಣ್ಣದ ಡಬ್ಬಿ ಕೋಟಿನ ಒಳಗಿಸೆಯಲ್ಲಿ ಇರುತ್ತಿತ್ತು. ಒಮ್ಮೆ ಏಳನೆಯ ಇಯತ್ತೆಯ ಹುಡುಗನೊಬ್ಬನ ಪಾಟಿಚೀಲದಲ್ಲಿ ತಂಬಾಕಿನ ಪುಡಿಕೆ ಸಿಕ್ಕಿತು. ನಾವು ಅವನ ತಂದೆಯನ್ನು ಕರೆಯಿಸಿ, ಅರ್ಧ ತಾಸು ಬುದ್ಧಿವಾದ ಹೇಳಿದೆವು. ಆ ರೈತರು ತಲೆತಗ್ಗಿಸಿ ಎಲ್ಲವನ್ನೂ ಕೇಳಿದರು. ಹೊರಡುವಾಗ ಒಂದು ಕ್ಷಣ ನಮ್ಮ ಎದೆಯ ಮೇಲೆ, ಡಬ್ಬಿಯಿಂದ ಉಬ್ಬಿದ್ದ ಕಿಸೆಯ ಕಡೆಗೆ ನೋಡಿದರು. "ಬರ್ತೀನ್ರೀ ಸರ್" ಎಂದು ಕೈಮುಗಿದು ಹೋದರು. ಬೇರೆ ಮಾತೊಂದನ್ನೂ ಆಡಲಿಲ್ಲ. ಆ ನೋಟವನ್ನು ನಾವು ಮರೆತಿಲ್ಲ. ಆದರೆ ಅಂದು ಡಬ್ಬಿಯನ್ನೂ ಎಸೆಯಲಿಲ್ಲ.

೨೦೧೮ರ ಆರಂಭದಲ್ಲಿ ಬಲಗಲ್ಲದ ಒಳಮೈಯಲ್ಲಿ ಒಂದು ಹುಣ್ಣು ಕಾಣಿಸಿತು. ಖಾರ ತಗಲಿದರೆ ಉರಿಯುತ್ತಿತ್ತು. ಎರಡು ತಿಂಗಳು ಅದನ್ನೂ ಮುಚ್ಚಿಟ್ಟೆವು. ಕಡೆಗೆ ಮನೆಯವರ ಒತ್ತಾಯಕ್ಕೆ ಮಣಿದು ಮಿರಜಿಗೆ ಹೋದೆವು. ನಮ್ಮ ತಾಲೂಕಿನವರಿಗೆ ದೊಡ್ಡ ಬೇನೆಯೆಂದರೆ ಮಿರಜವೇ ಗತಿ. ೧೮೯೪ರಲ್ಲಿ ಡಾಕ್ಟರ ವಿಲ್ಯಮ್ ವಾನ್ಲೆಸ್ ಅವರು ಅಲ್ಲಿ ಆಸ್ಪತ್ರೆಯನ್ನು ಸ್ಥಾಪಿಸಿದ ಕಾಲದಿಂದಲೂ ಕನ್ನಡ ಮರಾಠಿ ಎರಡೂ ಸೀಮೆಗಳ ರೋಗಿಗಳು ಆ ಊರಿನ ಹಾದಿ ಹಿಡಿದಿದ್ದಾರೆ. ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಹುಣ್ಣಿನ ಚೂರನ್ನು ತೆಗೆದು ಪರೀಕ್ಷಿಸಿ ರೋಗವನ್ನು ನಿರ್ಣಯಿಸಿದರು. ಶಸ್ತ್ರಕ್ರಿಯೆಯಾಯಿತು. ಗಾಯ ಮಾಯ್ದ ತರುವಾಯ ಕಿರಣಚಿಕಿತ್ಸೆ ಪ್ರಾರಂಭವಾಯಿತು. ನಮ್ಮ ಕಡೆಯ ಜನ 'ಕರೆಂಟು ಕೊಡಿಸುವುದು' ಎಂದು ಕರೆಯುವುದು ಇದನ್ನೇ.

ವಿದ್ಯಾರ್ಥಿಗಳೇ, ಇದು ಕರೆಂಟು ಅಲ್ಲ. ೧೮೯೫ರಲ್ಲಿ ಜರ್ಮನಿಯ ರಾಂಟ್‌ಜೆನ್ ಎಂಬ ವಿಜ್ಞಾನಿ ಕ್ಷ-ಕಿರಣಗಳನ್ನು ಕಂಡುಹಿಡಿದನು. ೧೮೯೮ರಲ್ಲಿ ಮೇರಿ ಕ್ಯೂರಿ ಮತ್ತು ಅವಳ ಪತಿ ಪಿಯರಿ ಕ್ಯೂರಿಯವರು ರೇಡಿಯಂ ಧಾತುವನ್ನು ಶೋಧಿಸಿದರು. ಈ ಬಗೆಯ ಪ್ರಬಲ ಕಿರಣಗಳು ಶರೀರದ ಜೀವಕೋಶಗಳನ್ನು ಹೊಕ್ಕು, ಅವು ಒಂದರಿಂದ ಎರಡಾಗಿ ಬೆಳೆಯುವ ಶಕ್ತಿಯನ್ನು ಕೆಡಿಸುತ್ತವೆ. ಅರ್ಬುದದ ಕೋಶಗಳು ತಡೆಯಿಲ್ಲದೆ ಬೆಳೆಯುವಂಥವು. ತಗಲಿದ ಪೆಟ್ಟನ್ನು ಸರಿಪಡಿಸಿಕೊಳ್ಳುವ ಸಾಮರ್ಥ್ಯವೂ ಅವುಗಳಲ್ಲಿ ಕಡಿಮೆ. ಆದುದರಿಂದ ಕಿರಣದ ಪೆಟ್ಟಿಗೆ ಅವು ಹೆಚ್ಚಾಗಿ ಸಾಯುತ್ತವೆ. ಆರೋಗ್ಯವಂತ ಕೋಶಗಳಿಗೆ ಚೇತರಿಸಿಕೊಳ್ಳಲು ಅವಕಾಶವಿರಲೆಂದು ಒಟ್ಟು ಪ್ರಮಾಣವನ್ನು ಒಮ್ಮೆಲೇ ಕೊಡದೆ ದಿನದಿನಕ್ಕೆ ಹಂಚಿ ಕೊಡುತ್ತಾರೆ. ನಮಗೆ ವಾರಕ್ಕೆ ಐದು ದಿನದಂತೆ ಆರು ವಾರ, ಒಟ್ಟು ೩೦ ದಿನ, ದಿನಕ್ಕೆ ೨ ಗ್ರೇ ಪ್ರಮಾಣದಲ್ಲಿ ೬೦ ಗ್ರೇ ಕಿರಣವನ್ನು ಕೊಟ್ಟರು. ಗ್ರೇ ಎಂಬುದು ಕಿರಣವನ್ನು ಅಳೆಯುವ ಮಾನ. ಅದು ಹೆರಲ್ಡ್ ಗ್ರೇ ಎಂಬ ಇಂಗ್ಲೆಂಡಿನ ವಿಜ್ಞಾನಿಯ ಹೆಸರು. ಆ ಹೆಸರು ಮುಂದೆ ಇನ್ನೊಮ್ಮೆ ಬರಲಿದೆ.

ಆ ದಿನಗಳ ಕಷ್ಟವನ್ನು ವಿಸ್ತರಿಸುವುದಿಲ್ಲ. ಬಾಯಿಯೆಲ್ಲ ಹುಣ್ಣಾಯಿತು, ರುಚಿ ಹೋಯಿತು, ಜೋಳದ ರೊಟ್ಟಿಯನ್ನು ಬಿಟ್ಟು ಗಂಜಿಯ ಮೇಲೆ ದಿನ ಕಳೆದೆವು. ಆದರೆ ರೋಗ ಹೋಯಿತು. ಇದನ್ನು ಮೊದಲು ಹೇಳಬೇಕು. ಕಿರಣಚಿಕಿತ್ಸೆಯಿಂದಾದ ಬಾಧೆಗಳನ್ನು ಇನ್ನು ಮುಂದೆ ನಾವು ವಿವರಿಸುವಾಗ, ಅದನ್ನು ಮಾಡಿಸಿಕೊಳ್ಳಬಾರದೆಂದು ಯಾರೂ ಭಾವಿಸಕೂಡದು. ಆ ಕಿರಣ ಇಲ್ಲದಿದ್ದರೆ ನಾವು ಇಂದು ಈ ವೇದಿಕೆಯ ಮೇಲೆ ಇರುತ್ತಿದ್ದೆವೋ ಇಲ್ಲವೋ.

ಶಾಲೆಗೆ ಮರಳಿದೆವು. ಕೇಳಿದವರಿಗೆಲ್ಲ ಹಲ್ಲಿನ ಬೇನೆಯಾಗಿತ್ತೆಂದು ಹೇಳಿದೆವು. ಮುಖ್ಯಾಧ್ಯಾಪಕರಿಗೆ ತಂಬಾಕಿನಿಂದ ಇಂಥ ರೋಗ ಬಂದಿತೆಂದು ಊರವರು ಆಡಿಕೊಂಡಾರೆಂಬ ನಾಚಿಕೆ ಒಂದು. ಇದು ಅಂಟುವ ರೋಗವೆಂದು ಮಕ್ಕಳ ತಾಯಂದಿರು ಅಂಜಿಯಾರೆಂಬ ಸಂಕೋಚ ಇನ್ನೊಂದು. ಅರ್ಬುದ ರೋಗ ಒಬ್ಬರ ಜೊತೆಗೆ ಕುಳಿತರೆ, ಉಂಡರೆ, ಅವರನ್ನು ಮುಟ್ಟಿದರೆ ಅಂಟುವುದಿಲ್ಲ. ಇದನ್ನು ತಿಳಿದೂ ನಾವು ಅಂಜಿದೆವು.

ಕಿರಣದ ಕೆಲಸ ಆಸ್ಪತ್ರೆಯಿಂದ ಹೊರಬಿದ್ದ ದಿನವೇ ಮುಗಿಯುವುದಿಲ್ಲ. ಕೆಲವು ಪರಿಣಾಮಗಳು ತಿಂಗಳುಗಳ, ವರ್ಷಗಳ ತರುವಾಯ ತಲೆದೋರುತ್ತವೆ. ಜೊಲ್ಲು ಸುರಿಸುವ ಗ್ರಂಥಿಗಳು ಕಿರಣದ ಹಾದಿಯಲ್ಲಿದ್ದುದರಿಂದ ಬತ್ತಿಹೋದವು. ಜೊಲ್ಲೆಂದರೆ ಅಸಹ್ಯಪಡುವ ನಾವು ಅದರ ಉಪಕಾರವನ್ನು ಅರಿಯೆವು. ಅದು ಅನ್ನವನ್ನು ನೆನೆಸುತ್ತದೆ, ಹಲ್ಲುಗಳನ್ನು ತೊಳೆಯುತ್ತದೆ, ಆಮ್ಲವನ್ನು ತಗ್ಗಿಸುತ್ತದೆ. ಅದಿಲ್ಲದ ಬಾಯಲ್ಲಿ ಹಲ್ಲುಗಳು ಬೇಗ ಹುಳುಕಾಗುತ್ತವೆ. ಆಸ್ಪತ್ರೆಯವರು ನಮ್ಮನ್ನು ಕಳುಹುವಾಗ ಒಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟಿದ್ದರು: ಮುಂದೆ ಯಾವ ಹಲ್ಲನ್ನು ಕೀಳಿಸುವುದಿದ್ದರೂ ಮೊದಲು ತಮ್ಮನ್ನು ಕೇಳಬೇಕು, ಹಲ್ಲಿನ ವೈದ್ಯರಿಗೆ ಕಿರಣಚಿಕಿತ್ಸೆಯ ಸಂಗತಿಯನ್ನು ತಿಳಿಸಬೇಕು. ಆ ಕಾಗದವನ್ನು ನಾವು ಟ್ರಂಕಿನ ತಳದಲ್ಲಿ, ಯಾರ ಕಣ್ಣಿಗೂ ಬೀಳದಂತೆ ಇರಿಸಿದೆವು.

೨೦೨೧ರಲ್ಲಿ ಬಲಗಡೆಯ ಕೆಳದವಡೆಯ ಹಲ್ಲೊಂದು ನೋಯತೊಡಗಿತು. ರಾತ್ರಿಯ ನಿದ್ದೆ ಕೆಟ್ಟಿತು. ಒಂದು ಊರಿಗೆ ಕೆಲಸದ ನಿಮಿತ್ತ ಹೋದಾಗ ಅಲ್ಲಿಯ ಹಲ್ಲಿನ ವೈದ್ಯರೊಬ್ಬರ ಬಳಿಗೆ ಹೋದೆವು. "ಹಿಂದೆ ಏನಾದರೂ ದೊಡ್ಡ ಬೇನೆಯಾಗಿದೆಯೆ?" ಎಂದು ಅವರು ಕೇಳಿದರು. ಹೊರಗಿನ ಬಾಕಿನ ಮೇಲೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಕುಳಿತಿದ್ದರು, ಬಾಗಿಲು ತೆರೆದಿತ್ತು. ನಾವು "ಏನೂ ಇಲ್ಲ" ಎಂದೆವು. ಕೆನ್ನೆಯ ಮೇಲಿನ ಗಾಯದ ಗುರುತನ್ನು ಹಳೆಯ ಕುರುವಿನದೆಂದು ಹೇಳಿದೆವು. ವೈದ್ಯರು ನಮ್ಮ ಮಾತನ್ನು ನಂಬಿ ಹಲ್ಲನ್ನು ಕಿತ್ತರು. ಅವರ ದೋಷ ಇದರಲ್ಲಿ ಏನೂ ಇಲ್ಲ. ಸುಳ್ಳು ಹೇಳಿದವರು ನಾವು.

ಹಲ್ಲು ಕಿತ್ತ ಕುಳಿ ಒಂದೆರಡು ವಾರಗಳಲ್ಲಿ ಕೂಡಿಕೊಳ್ಳತಕ್ಕದ್ದು. ನಮ್ಮದು ತಿಂಗಳಾದರೂ ಕೂಡಲಿಲ್ಲ. ಮೂರು ತಿಂಗಳಾದ ಮೇಲೆ ನಾಲಿಗೆಯ ತುದಿಗೆ ಒರಟಾದ ಏನೋ ತಗಲತೊಡಗಿತು. ಕನ್ನಡಿಯಲ್ಲಿ ನೋಡಿದರೆ ಹಳದಿ ಬಣ್ಣದ ಎಲುಬು! ಕೀವು, ದುರ್ಗಂಧ, ಕಿವಿಯವರೆಗೆ ಹಬ್ಬುವ ನೋವು. ರೋಗವೇ ಮರಳಿ ಬಂದಿತೆಂದು ತಿಳಿದು, ಮನೆಯವರೂ ನಾವೂ ಆ ರಾತ್ರಿ ಮಾತಿಲ್ಲದೆ ಕುಳಿತೆವು. ಮರುದಿನ ಟ್ರಂಕಿನ ತಳದಿಂದ ಆ ಕಾಗದವನ್ನು ತೆಗೆದು ಮಿರಜಿಗೆ ಹೋದೆವು.

ಪರೀಕ್ಷೆಗಳಾದ ತರುವಾಯ ವೈದ್ಯರು ಹೇಳಿದರು: "ರೋಗ ಮರಳಿಲ್ಲ. ದವಡೆಯ ಎಲುಬು ಸಾಯುತ್ತಿದೆ." ಅವರು ತಿಳಿಸಿದ ಕಾರಣ ಹೀಗಿದೆ. ಕಿರಣಗಳು ಅರ್ಬುದದ ಕೋಶಗಳ ಜೊತೆಗೆ ಆ ಭಾಗದ ಅತಿ ಸಣ್ಣ ರಕ್ತನಾಳಗಳನ್ನೂ ಕೆಡಿಸುತ್ತವೆ. ವರ್ಷಗಳು ಕಳೆದಂತೆ ಆ ನಾಳಗಳು ಕಿರಿದಾಗಿ ಮುಚ್ಚುತ್ತವೆ. ರಕ್ತ ಕಡಿಮೆಯಾದರೆ ಪ್ರಾಣವಾಯು ಕಡಿಮೆ. ಪ್ರಾಣವಾಯು ಕಡಿಮೆಯಾದರೆ ಜೀವಕೋಶಗಳು ಕಡಿಮೆ. ಸುಮ್ಮನಿರುವಾಗ ಅಂಥ ಎಲುಬು ಹೇಗೋ ಜೀವ ಹಿಡಿದಿರುತ್ತದೆ. ಗಾಯವಾದಾಗ ಮಾತ್ರ ಅದನ್ನು ಮಾಯಿಸುವ ಸಾಮಗ್ರಿ ಅದಕ್ಕೆ ಸಾಲದು. ಮೇಲಿನ ದವಡೆಗಿಂತ ಕೆಳದವಡೆಗೆ ರಕ್ತದ ಪೂರೈಕೆ ಮೊದಲೇ ಕಡಿಮೆಯಾದುದರಿಂದ ಈ ಅನರ್ಥ ಅಲ್ಲಿಯೇ ಹೆಚ್ಚು. ನಾವು ಕೇಳುತ್ತ ಕುಳಿತಾಗ ನಮ್ಮ ಕಣ್ಣೆದುರಿಗೆ ಬಂದುದು ಜತ್ತ ತಾಲೂಕಿನ ಹೊಲ. ಹೊರಗೆ ನೋಡಿದರೆ ಮಣ್ಣು ಇದೆ, ಬದು ಇದೆ, ಕೆಳಗೆ ನೀರಿಲ್ಲ. ಬಿತ್ತಿದ್ದು ಏಳಲಾರದು.

ವೈದ್ಯರು ಮೂರು ಉಪಾಯಗಳನ್ನು ಒಟ್ಟಿಗೆ ಮಾಡಬೇಕೆಂದರು: ಕೀವನ್ನು ತಡೆಯುವ ಔಷಧ, ಸತ್ತ ಎಲುಬನ್ನು ತೆಗೆಯುವ ಶಸ್ತ್ರಕ್ರಿಯೆ, ಅದರ ಹಿಂದೆಯೂ ಮುಂದೆಯೂ ಅಧಿಕ ಒತ್ತಡದ ಪ್ರಾಣವಾಯುವಿನ ಚಿಕಿತ್ಸೆ. ಅಮೆರಿಕದ ರಾಬರ್ಟ್ ಮಾರ್ಕ್ಸ್ ಎಂಬ ದವಡೆಯ ಶಸ್ತ್ರವೈದ್ಯರು ೧೯೮೩ರ ಸುಮಾರಿಗೆ ರೂಪಿಸಿದ ಕ್ರಮವಂತೆ ಅದು. ನಮ್ಮ ಪಾಲಿಗೆ ಶಸ್ತ್ರಕ್ರಿಯೆಗೆ ಮೊದಲು ೨೦ ಸಲ, ತರುವಾಯ ೧೦ ಸಲ ಎಂದು ಗೊತ್ತುಮಾಡಿದರು. ಅಂಥ ಕೋಣೆ ಮುಂಬಯಿಯ ಒಂದು ಆಸ್ಪತ್ರೆಯಲ್ಲಿರುವುದಾಗಿ ತಿಳಿಯಿತು. ೨೦೨೨ರ ಬೇಸಗೆಯ ರಜೆಯಲ್ಲಿ ಮಿರಜಿನಿಂದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿ ಮುಂಬಯಿ ಸೇರಿ, ಸೋದರಮಾವನವರ ಮನೆಯಲ್ಲಿ ಇಳಿದುಕೊಂಡೆವು.

ಈ ಚಿಕಿತ್ಸೆಯ ತತ್ತ್ವವನ್ನು ವಿದ್ಯಾರ್ಥಿಗಳು ಲಕ್ಷ್ಯವಿಟ್ಟು ಕೇಳಬೇಕು. ಇದರಲ್ಲಿ ನಿಮ್ಮ ವಿಜ್ಞಾನದ ಪುಸ್ತಕವೇ ಅಡಗಿದೆ. ನಾವು ಉಸಿರಾಡುವ ಗಾಳಿಯಲ್ಲಿ ಪ್ರಾಣವಾಯು, ಅಂದರೆ ಆಮ್ಲಜನಕ, ಶೇಕಡಾ ೨೧ರಷ್ಟಿದೆ. ರಕ್ತದಲ್ಲಿ ಅದನ್ನು ಹೊರುವ ಹಮಾಲರು ಕೆಂಪು ಕಣಗಳು. ನೂರು ಮಿಲಿಲೀಟರು ರಕ್ತದಲ್ಲಿ ಈ ಹಮಾಲರು ಸುಮಾರು ೨೦ ಮಿಲಿಲೀಟರು ಪ್ರಾಣವಾಯುವನ್ನು ಹೊರುತ್ತಾರೆ. ಆದರೆ ಅವರ ತಲೆಯ ಮೇಲಿನ ಹೊರೆ ಸಾಮಾನ್ಯವಾಗಿ ಮೊದಲೇ ತುಂಬಿರುತ್ತದೆ. ಇನ್ನೂ ಹೆಚ್ಚು ಹೊರಿಸಲು ಸ್ಥಳವಿಲ್ಲ. ರಕ್ತದ ತಿಳಿಯಾದ ದ್ರವದಲ್ಲಿ ಕರಗಿ ಸಾಗುವ ಪ್ರಾಣವಾಯು ಕೇವಲ ೦.೩ ಮಿಲಿಲೀಟರು. ಅನಿಲದ ಒತ್ತಡ ಹೆಚ್ಚಿದಷ್ಟೂ ಅದು ದ್ರವದಲ್ಲಿ ಹೆಚ್ಚು ಕರಗುವುದೆಂಬ ನಿಯಮವನ್ನು ಇಂಗ್ಲೆಂಡಿನ ವಿಲ್ಯಮ್ ಹೆನ್ರಿ ೧೮೦೩ರಲ್ಲಿ ಹೇಳಿದನು. ಸೋಡಾ ಬಾಟಲಿಯ ಮುಚ್ಚಳವನ್ನು ತೆಗೆದೊಡನೆ ಗುಳ್ಳೆಗಳು ಏಳುವುದು ಇದೇ ನಿಯಮದಿಂದ. ಶುದ್ಧ ಪ್ರಾಣವಾಯುವನ್ನು ಸಾಮಾನ್ಯಕ್ಕಿಂತ ಮೂರು ಪಟ್ಟು ಒತ್ತಡದಲ್ಲಿ ಉಸಿರಾಡಿದರೆ ಆ ೦.೩ ಸುಮಾರು ೬ ಮಿಲಿಲೀಟರಿಗೆ ಏರುತ್ತದೆ. ಆಗ ಹಮಾಲರ ಹಂಗಿಲ್ಲದೆ, ರಕ್ತದ ನೀರೇ ಪ್ರಾಣವಾಯುವನ್ನು ಹೊತ್ತು, ನಾಳಗಳು ಕಿರಿದಾದ ಎಡೆಗೂ ಒಯ್ಯುತ್ತದೆ. ಅಲ್ಲಿಂದ ಮುಂದಕ್ಕೂ ಜಿನುಗುತ್ತದೆ. ಮ್ಹೈಸಾಳ ಯೋಜನೆಯಲ್ಲಿ ಕೃಷ್ಣೆಯ ನೀರು ತಾನಾಗಿ ಏರದ ದಿಣ್ಣೆಗೆ ಪಂಪುಗಳ ಒತ್ತಡದಿಂದ ಏರಿ ನಮ್ಮ ತಾಲೂಕಿನ ಕಡೆಗೆ ಬರುವುದನ್ನು ಬಲ್ಲವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಹೀಗೆ ದಿನದಿನವೂ ನಡೆದರೆ, ಬರಡಾದ ಭಾಗದಲ್ಲಿ ಹೊಸ ಸೂಕ್ಷ್ಮ ರಕ್ತನಾಳಗಳು ಮೊಳೆಯತೊಡಗುತ್ತವೆ. ಒಂದು ದಿನದ ಉಸಿರಿನಿಂದ ಆಗುವ ಕೆಲಸ ಇದಲ್ಲ. ಆದುದರಿಂದಲೇ ಮೂವತ್ತು ಸಲ.

ಇದರ ಇತಿಹಾಸವೂ ಸ್ವಾರಸ್ಯವಾಗಿದೆ. ೧೬೬೨ರಲ್ಲಿ, ಪ್ರಾಣವಾಯುವಿನ ಹೆಸರೂ ತಿಳಿಯದಿದ್ದಾಗ, ಇಂಗ್ಲೆಂಡಿನ ಹೆನ್‌ಶಾ ಎಂಬ ವೈದ್ಯನು ಮುಚ್ಚಿದ ಕೋಣೆಯೊಳಗೆ ತಿದಿಗಳಿಂದ ಗಾಳಿಯನ್ನು ಒತ್ತಿ ತುಂಬಿ ರೋಗಿಗಳನ್ನು ಕೂರಿಸುವ ಉಪಾಯ ಮಾಡಿದನು. ೧೭೭೪ರಲ್ಲಿ ಪ್ರೀಸ್ಟ್ಲಿ ಪ್ರಾಣವಾಯುವನ್ನು ಬೇರ್ಪಡಿಸಿದನು. ಅತಿಯಾದರೆ ಪ್ರಾಣವಾಯುವೂ ವಿಷವೆಂಬುದನ್ನು, ಅದು ನರಗಳನ್ನು ಕೆಣಕಿ ಸೆಳವು ತರಬಲ್ಲುದೆಂಬುದನ್ನು ಫ್ರಾನ್ಸಿನ ಪಾಲ್ ಬೇರ್ ೧೮೭೮ರಲ್ಲಿ ತೋರಿಸಿಕೊಟ್ಟನು. ೧೯೫೩ರಲ್ಲಿ, ಮೇಲೆ ಹೇಳಿದ ಗ್ರೇ ಮತ್ತು ಅವನ ಸಂಗಡಿಗರು, ಪ್ರಾಣವಾಯು ಕಡಿಮೆಯಿರುವ ಕೋಶಗಳು ಕಿರಣಕ್ಕೆ ಸುಲಭವಾಗಿ ಸಾಯವೆಂಬುದನ್ನು ವಿವರಿಸಿದರು. ೧೯೫೫ರಲ್ಲಿ ಲಂಡನ್ನಿನ ವೈದ್ಯರು ರೋಗಿಯನ್ನು ಒತ್ತಡದ ಪ್ರಾಣವಾಯುವಿನಲ್ಲಿರಿಸಿ ಕಿರಣ ಕೊಟ್ಟು ನೋಡಿದರು. ಕಿರಣದ ಏಟನ್ನು ಹೆಚ್ಚಿಸಲೆಂದು ಕರೆದ ಪ್ರಾಣವಾಯುವೇ ಮುಂದೆ ಆ ಏಟಿನ ಗಾಯವನ್ನು ಮಾಯಿಸಲು ಬಂದಿತು. ೧೯೬೦ರಲ್ಲಿ ಆಮ್‌ಸ್ಟರ್ಡ್ಯಾಮಿನ ಬೂರೆಮಾ ಎಂಬ ಶಸ್ತ್ರವೈದ್ಯರು ಹಂದಿಗಳ ರಕ್ತವನ್ನು ತೆಗೆದು ಬದಲಿ ದ್ರವವನ್ನು ತುಂಬಿ, ಮೂರು ಪಟ್ಟು ಒತ್ತಡದ ಪ್ರಾಣವಾಯುವಿನಲ್ಲಿ ಅವು ಕೆಲಕಾಲ ಬದುಕಿರುವುದನ್ನು ತೋರಿಸಿ ಲೋಕವನ್ನು ಬೆರಗುಗೊಳಿಸಿದರು. ಸಮುದ್ರದಾಳದಿಂದ ಬೇಗನೆ ಮೇಲೇರಿ ರೋಗಕ್ಕೀಡಾದ ಮುಳುಗುಗಾರರಿಗೂ ಇಂಥ ಕೋಣೆಯೇ ಔಷಧ. ನಮ್ಮ ನೌಕಾಪಡೆಯೂ ಇದನ್ನು ಬಳಸುತ್ತದೆ.

ಇನ್ನು ಆ ಕೋಣೆಯ ವಿಷಯ. ಉಕ್ಕಿನ ದೊಡ್ಡ ಪೀಪಾಯಿಯನ್ನು ಅಡ್ಡ ಮಲಗಿಸಿದಂತೆ ಅದರ ಆಕಾರ. ದಪ್ಪ ಗಾಜಿನ ಗುಂಡು ಕಿಟಕಿಗಳು. ಒಳಗೆ ಆರು ಜನಕ್ಕೆ ಕುರ್ಚಿ. ಒಳಹೋಗುವ ಮೊದಲು ಕಿಸೆಯಲ್ಲಿರುವುದನ್ನೆಲ್ಲ ಹೊರಗಿರಿಸಬೇಕು. ಕಡ್ಡಿಪೆಟ್ಟಿಗೆ, ಮೊಬೈಲು, ಗಡಿಯಾರ, ತಲೆಗೆ ಹಚ್ಚಿದ ಎಣ್ಣೆ ಯಾವುದೂ ಕೂಡದು. ಪ್ರಾಣವಾಯು ಹೆಚ್ಚಿದಲ್ಲಿ ಒಂದು ಕಿಡಿ ದೊಡ್ಡ ಬೆಂಕಿಯಾಗುತ್ತದೆ. ಆಸ್ಪತ್ರೆಯವರು ಕೊಟ್ಟ ಹತ್ತಿಯ ಬಟ್ಟೆಯನ್ನೇ ಉಡಬೇಕು. ಮೊದಲನೆಯ ದಿನ ಕಿಸೆ ಬರಿದುಮಾಡಲು ಹೇಳಿದಾಗ ನಮ್ಮ ಕೈ ತಾನಾಗಿ ಎದೆಯ ಕಡೆಗೆ ಹೋಯಿತು. ಅಲ್ಲಿ ಡಬ್ಬಿ ಇಲ್ಲದೆ ಅಂದಿಗೆ ನಾಲ್ಕು ವರ್ಷವಾಗಿದ್ದಿತು.

ಬಾಗಿಲು ಮುಚ್ಚಿ ಗಾಳಿಯನ್ನು ತುಂಬತೊಡಗಿದರು. ಮೊದಲು ಸೆಕೆ, ಬಳಿಕ ಘಾಟಿನ ರಸ್ತೆ ಇಳಿಯುವಾಗ ಆಗುವಂತೆ ಕಿವಿಗಳು ಮುಚ್ಚಿಕೊಂಡವು. ಮೂಗನ್ನು ಹಿಡಿದು ಮೆಲ್ಲನೆ ಉಸಿರೊತ್ತಿದರೆ, ಇಲ್ಲವೆ ನೀರು ನುಂಗಿದರೆ ಕಿವಿ ಬಿಡುವುದು. ಜೊಲ್ಲಿಲ್ಲದ ನಮಗೆ ಒಣ ಗಂಟಲಿನಲ್ಲಿ ನುಂಗುವುದೇ ಕಷ್ಟ. ಅಲ್ಲಿಯ ದಾದಿ ಇದನ್ನು ತಿಳಿದು ಪ್ರತಿದಿನ ನಮ್ಮ ಕೈಗೆ ನೀರಿನ ಲೋಟವನ್ನು ಕೊಡುತ್ತಿದ್ದಳು. ಒತ್ತಡ ೨.೪ ಪಟ್ಟು ಆದಾಗ ನಿಲ್ಲಿಸುವರು. ಸಮುದ್ರದಲ್ಲಿ ಸುಮಾರು ೧೪ ಮೀಟರು ಆಳಕ್ಕೆ ಇಳಿದಷ್ಟು ಒತ್ತಡ ಅದು. ಮುಖಕ್ಕೆ ಮುಖವಾಡ ಕಟ್ಟಿ ಶುದ್ಧ ಪ್ರಾಣವಾಯುವನ್ನು ಬಿಡುವರು. ಒಟ್ಟು ೯೦ ಮಿನಿಟು. ನಡುನಡುವೆ ಐದು ಮಿನಿಟು ಮುಖವಾಡವನ್ನು ತೆಗೆಯಿಸಿ ಸಾಮಾನ್ಯ ಗಾಳಿಯನ್ನು ಉಸಿರಾಡಲು ಹೇಳುವರು. ಪಾಲ್ ಬೇರ್ ತೋರಿಸಿದ ವಿಷಬಾಧೆ ತಟ್ಟದಿರಲೆಂದು ಈ ಬಿಡುವು. ನಮ್ಮ ಶಾಲೆಯ ಸಣ್ಣ ಸೂಟಿಯೂ ಐದೇ ಮಿನಿಟಿನದಾಗಿದ್ದರೆ ಮಕ್ಕಳು ಎಷ್ಟು ಗೊಣಗುತ್ತಿದ್ದರೋ ಎಂದು ನಮಗೆ ಅಲ್ಲಿ ನಗೆ ಬಂದಿತು.

ಮಾತನಾಡಲು ಬಾರದ ಆ ತೊಂಬತ್ತು ಮಿನಿಟುಗಳಲ್ಲಿ ಎದುರಿನವರ ಮುಖ ನೋಡುವುದೊಂದೇ ಉದ್ಯೋಗ. ಮಧುಮೇಹದಿಂದ ಕಾಲಿನ ಹುಣ್ಣು ಮಾಯದ ವೃದ್ಧರೊಬ್ಬರಿದ್ದರು. ಗರ್ಭಕೋಶದ ಕೊರಳಿನ ಅರ್ಬುದಕ್ಕೆ ಕಿರಣ ಕೊಡಿಸಿ, ವರ್ಷಗಳ ತರುವಾಯ ಮೂತ್ರದಲ್ಲಿ ರಕ್ತ ಹೋಗತೊಡಗಿದ ಸೊಲ್ಲಾಪುರ ಕಡೆಯ ತಾಯಿಯೊಬ್ಬರಿದ್ದರು. ಅವರದು ಕನ್ನಡ ಮಾತು. ಹೊರಗೆ ಬಂದ ಮೇಲೆ ಒಂದು ದಿನ ಅವರು, "ತಮ್ಮಾ, ಮೂರ್ ವರ್ಷ ಯಾರಿಗೂ ಹೇಳಲಿಲ್ಲ ನಾನು. ಹೆಂಗ್ ಹೇಳೂದು ಇಂಥಾದ್ದು? ಸೊಸಿ ಮುಂದ ಸೈತ ಹೇಳಲಿಲ್ಲ" ಎಂದರು. ನಾವು, "ನಾನೂ ಹೇಳಲಿಲ್ಲ ಅವ್ವಾ" ಎಂದೆವು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಅಕ್ಷರ ಕಲಿಯದ ಆ ತಾಯಿಗೂ ಬಿ.ಎ., ಬಿ.ಎಡ್. ಆದ ನಮಗೂ ಈ ಒಂದು ವಿಷಯದಲ್ಲಿ ಯಾವ ಭೇದವೂ ಇರಲಿಲ್ಲ.

ಇಪ್ಪತ್ತು ಸಲ ಮುಗಿದ ಮೇಲೆ ಶಸ್ತ್ರಕ್ರಿಯೆ ಮಾಡಿ ಸತ್ತ ಎಲುಬಿನ ಚೂರುಗಳನ್ನು ತೆಗೆದರು. ತರುವಾಯ ಹತ್ತು ಸಲ ಮತ್ತೆ ಕೋಣೆಗೆ ಹೋದೆವು. ಆ ದಿನಗಳಲ್ಲಿ ದೂರದ ಅಕ್ಷರಗಳು ಮಸಕಾದವು, ಇದು ಈ ಚಿಕಿತ್ಸೆಯ ತಿಳಿದ ಪರಿಣಾಮವೆಂದೂ ಸಾಮಾನ್ಯವಾಗಿ ತಿಂಗಳುಗಳಲ್ಲಿ ಸರಿಹೋಗುವುದೆಂದೂ ಹೇಳಿದರು, ಹಾಗೆಯೇ ಆಯಿತು. ಗಾಯ ಮೆಲ್ಲಮೆಲ್ಲನೆ ಕೂಡಿತು. ದೀಪಾವಳಿಯ ಹೊತ್ತಿಗೆ ಎಲುಬಿನ ಮೇಲೆ ತೊಗಲು ಬಂದಿತು. ಬಾಯಿ ಪೂರ್ಣವಾಗಿ ತೆರೆಯುವುದಿಲ್ಲ, ಜೊಲ್ಲು ಮರಳಲಿಲ್ಲ. ಆದರೆ ದವಡೆ ಉಳಿಯಿತು.

ಇಲ್ಲಿ ಸತ್ಯವನ್ನು ಅಳೆದು ಹೇಳಬೇಕಾಗಿದೆ. ನಮ್ಮ ಗಾಯ ಮಾಯ್ದುದರಲ್ಲಿ ಔಷಧದ ಪಾಲೆಷ್ಟು, ಶಸ್ತ್ರದ ಪಾಲೆಷ್ಟು, ಪ್ರಾಣವಾಯುವಿನ ಪಾಲೆಷ್ಟು ಎಂದು ನಾವು ವಿಭಾಗಿಸಲಾರೆವು. ವೈದ್ಯರಲ್ಲಿಯೂ ಇದರ ವಿಷಯದಲ್ಲಿ ಏಕಾಭಿಪ್ರಾಯವಿಲ್ಲ. ಫ್ರಾನ್ಸಿನಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ದವಡೆಯ ಎಲುಬಿಗೆ ಇದರಿಂದ ಲಾಭ ಕಾಣಲಿಲ್ಲ. ಹಲ್ಲು ಕೀಳುವ ಮುನ್ನವೇ ಎಚ್ಚರಿಕೆಗಾಗಿ ಈ ಚಿಕಿತ್ಸೆ ಕೊಟ್ಟರೆ ಎಲುಬು ಉಳಿಯುವುದೆ ಎಂದು ಬ್ರಿಟನ್ನಿನಲ್ಲಿ ೧೪೪ ರೋಗಿಗಳ ಮೇಲೆ ನಡೆಸಿ ೨೦೧೯ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿಯೂ ಕೊಟ್ಟವರಿಗೂ ಕೊಡದವರಿಗೂ ಹೆಚ್ಚಿನ ಅಂತರ ಕಾಣಲಿಲ್ಲ. ಅದೇ ೨೦೧೯ರಲ್ಲಿ ಉತ್ತರ ಯುರೋಪಿನ ವೈದ್ಯರು ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ, ಕಿರಣದಿಂದ ಮೂತ್ರಕೋಶ ಕೆಟ್ಟವರಿಗೆ ಇದರಿಂದ ಸ್ಪಷ್ಟವಾಗಿ ಉಪಶಮನವಾದುದು ಕಂಡುಬಂದಿತು. ಎಂದರೆ ಇದು ಸಂಜೀವಿನಿಯೂ ಅಲ್ಲ, ಬರಿಯ ಗಾಳಿಯೂ ಅಲ್ಲ. ಪ್ರಾಣವಾಯುವಿನಿಂದ ಅರ್ಬುದವೇ ಮತ್ತೆ ಚಿಗುರೀತೆಂಬ ಭಯ ನಮಗಿತ್ತು. ಹಾಗಾಗುವುದೆಂಬುದಕ್ಕೆ ಇದುವರೆಗಿನ ಪರಿಶೀಲನೆಗಳಲ್ಲಿ ಪುರಾವೆ ದೊರೆತಿಲ್ಲವೆಂದು ವೈದ್ಯರು ತಿಳಿಸಿದರು. ಯಾರಿಗೆ ಇದು ತಕ್ಕದ್ದು, ಯಾರಿಗೆ ಅಲ್ಲ ಎಂಬುದನ್ನು ಅವರೇ ಹೇಳಬೇಕು. ಯೌವನ ಮರಳಿಸುವುದೆಂದು ಜಾಹೀರಾತು ಹಾಕಿ ಇಂಥ ಕೋಣೆಗೆ ಕರೆಯುವವರನ್ನು ನಂಬಿ ಹಣ ಕಳೆಯಬೇಡಿರಿ.

ಆದರೆ ಒಂದು ಮಾತಿನಲ್ಲಿ ಸಂಶಯವಿಲ್ಲ. ಅಂದು ಹಲ್ಲಿನ ವೈದ್ಯರು ಕೇಳಿದಾಗ ನಾವು ನಿಜವನ್ನು ಹೇಳಿದ್ದರೆ ಅವರು ಆ ಹಲ್ಲನ್ನು ಕೀಳುವ ಮುನ್ನ ಮಿರಜಿನವರನ್ನು ಕೇಳುತ್ತಿದ್ದರು. ಬೇರೆ ಉಪಾಯದಿಂದ ಹಲ್ಲನ್ನು ಉಳಿಸಿಕೊಳ್ಳಲೂ ಬಹುದಾಗಿತ್ತು. ಮುಂಬಯಿಯ ಮೂವತ್ತು ಸಲದ ಕೋಣೆ, ಅದರ ವೆಚ್ಚ, ಮನೆಯವರ ಕಣ್ಣೀರು, ಬಹುಶಃ ಇವಾವುವೂ ಬೇಕಾಗುತ್ತಿರಲಿಲ್ಲ. "ಏನೂ ಇಲ್ಲ" ಎಂಬ ಎರಡು ಶಬ್ದಗಳಿಗೆ ನಾವು ಕೊಟ್ಟ ಬೆಲೆ ಇದು.

ಆದುದರಿಂದ ಪಾಲಕರಲ್ಲಿ ನಮ್ಮ ವಿನಂತಿ. ನಿಮ್ಮ ಮನೆಯಲ್ಲಿ ಯಾರಾದರೂ ಕಿರಣಚಿಕಿತ್ಸೆ ಪಡೆದಿದ್ದರೆ ಅದರ ಕಾಗದಗಳನ್ನು ಟ್ರಂಕಿನ ತಳದಲ್ಲಿ ಇಡಬೇಡಿರಿ, ಕೈಗೆ ಸಿಗುವಲ್ಲಿ ಇಡಿರಿ. ಹತ್ತು ವರ್ಷ ಕಳೆದಿದ್ದರೂ ಪ್ರತಿಯೊಬ್ಬ ವೈದ್ಯರಿಗೆ, ಹಲ್ಲಿನ ವೈದ್ಯರಿಗಂತೂ ತಪ್ಪದೆ, ಆ ಸಂಗತಿಯನ್ನು ಹೇಳಿರಿ. ತಲೆ ಕೊರಳಿನ ಭಾಗಕ್ಕೆ ಕಿರಣ ಕೊಡಿಸುವುದಿದ್ದರೆ ಕೆಟ್ಟ ಹಲ್ಲುಗಳ ವ್ಯವಸ್ಥೆಯನ್ನು ಮೊದಲೇ ಮಾಡಿಸಿಕೊಳ್ಳಿರಿ. ಎರಡು ಮೂರು ವಾರಗಳಲ್ಲಿ ಮಾಯದ ಬಾಯಿಹುಣ್ಣನ್ನು, ಬಿಳಿಯ ಇಲ್ಲವೆ ಕೆಂಪು ಮಚ್ಚೆಯನ್ನು, ಚಿಕಿತ್ಸೆಯ ವರ್ಷಗಳ ತರುವಾಯ ಕಾಣುವ ರಕ್ತಸ್ರಾವವನ್ನು ಮುಚ್ಚಿಡಬೇಡಿರಿ. ತಾಯಂದಿರೇ, ಹಲ್ಲು ತಿಕ್ಕಲೆಂದು ಬಳಸುವ ಮಿಸ್ರಿಯೂ ತಂಬಾಕೇ, ಅದನ್ನು ಬಿಡಿರಿ.

ವಿದ್ಯಾರ್ಥಿಗಳೇ, ಗುಟ್ಕಾವನ್ನು ೨೦೧೨ರಲ್ಲಿ ಮಹಾರಾಷ್ಟ್ರವೂ ೨೦೧೩ರಲ್ಲಿ ಕರ್ನಾಟಕವೂ ನಿಷೇಧಿಸಿದವು. ಶಾಲೆಯಿಂದ ನೂರು ಗಜದೊಳಗೆ ತಂಬಾಕನ್ನು ಮಾರಕೂಡದೆಂದು ೨೦೦೩ರ ಕಾನೂನು ಹೇಳುತ್ತದೆ. ಗಡಿಯ ಎರಡೂ ಕಡೆ ಕಾನೂನು ಇದೆ. ಆದರೆ ಕಿಸೆಯೊಳಗಿನದನ್ನು ಕಾನೂನು ಕಾಣಲಾರದು. ಅದನ್ನು ನೀವೇ ಕಾಣಬೇಕು. ನಮ್ಮ ಕಿಸೆಯಲ್ಲಿ ಅದಿದ್ದಾಗ ನಾವು ನಿಮಗೆ ನೀತಿಪಾಠ ಹೇಳಿದೆವು. ಅದಕ್ಕಾಗಿ ಇಂದು ನಿಮ್ಮೆಲ್ಲರ ಕ್ಷ​ಮೆಯನ್ನು ಬೇಡುತ್ತೇವೆ.

ಅಂದು ನಾವು ಕರೆಯಿಸಿ ಬುದ್ಧಿ ಹೇಳಿದ ಆ ತಂದೆಯವರು ಇಂದು ಈ ಸಭೆಯಲ್ಲಿ ಕುಳಿತಿದ್ದಾರೆ. ಅವರ ಮಗ ಈಗ ಬೇರೆ ಊರಿನಲ್ಲಿ ಕಾಲೇಜು ಕಲಿಯುತ್ತಿದ್ದಾನೆ. ಹಿಂದಿನ ವಾರ ಅವರ ಮನೆಗೆ ಹೋಗಿ, ಸಭೆಯಲ್ಲಿ ಈ ಸಂಗತಿಯನ್ನು ಹೇಳಬಹುದೆ ಎಂದು ಕೇಳಿದೆವು. ಅವರು ಹೊರಸಿನ ಮೇಲೆ ಕೂರಿಸಿ, ನೀರು ಕೊಟ್ಟು, "ಹೇಳ್ರೀ ಸರ್. ಅವತ್ತ ನನ್ನ ಕಿಸೆದಾಗೂ ಅದ ಇತ್ತು" ಎಂದರು.

ಕಾಣದಂತೆ ಮುಚ್ಚಿಟ್ಟ ಗಾಯಕ್ಕೆ ಗಾಳಿಯಿಲ್ಲ. ಗಾಳಿಯಿಲ್ಲದ ಗಾಯ ಮಾಯುವುದಿಲ್ಲ. ನಾವು ಮೂವತ್ತು ದಿನ ಉಕ್ಕಿನ ಕೋಣೆಯಲ್ಲಿ ಕುಳಿತು ಕಲಿತ ಪಾಠ ಇಷ್ಟೇ. ನೀವು ಅದನ್ನು ಈ ಬಯಲಿನಲ್ಲಿಯೇ ಕುಳಿತು ಕಲಿಯುವಿರಾದರೆ ನಮ್ಮ ಶ್ರಮ ಸಾರ್ಥಕವಾಯಿತು.